ಕಾರವಾರದಲ್ಲಿ ಮನೆಗೆ ಬಂದು ಕಾಲಿನ ಗಾಯ ಕಟ್ಟುವ ಸಿಸ್ಟರ್: ಹದಿನಾಲ್ಕು ವಾರದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ವಿಮರ್ಶೆಯಲ್ಲಿ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. "ನನ್ನ ಬಗ್ಗೆ ಬರೀಬೇಡಿ, ಕಾಲಿನ ಬಗ್ಗೆ ಬರೀರಿ, ಅದು ನಾಲ್ಕು ಜನಕ್ಕೆ ಉಪಯೋಗಕ್ಕೆ ಬರ್ತದೆ" ಅಂತ ಸಿಸ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಅವರನ್ನು ಹುಡುಕುವ ದಾರಿ ಕೊನೆಯಲ್ಲಿದೆ. ಅವಸರ ಇದ್ದವರು ಸೀದಾ ಅಲ್ಲಿಗೇ ಹೋಗಿ.

ಸಿಸ್ಟರ್ ಅಂದರೆ ಕನ್ಯಾಸ್ತ್ರೀ ಅಲ್ಲ, ನರ್ಸ್. ಕಾಳಿ ನದಿಯಾಚೆ ಸದಾಶಿವಗಡದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ನಿವೃತ್ತರಾಗಿದ್ದಾರೆ. ಶುಗರ್ ಇರುವವರ ಕಾಲಿನ ಗಾಯಕ್ಕೆ ಮನೆಗೇ ಬಂದು ಡ್ರೆಸ್ಸಿಂಗ್ ಮಾಡುತ್ತಾರೆ. ಬೇರೆ ಕೆಲಸ ಮಾಡುವುದಿಲ್ಲ. ಬಿಪಿ ನೋಡಿ, ಗ್ಲೂಕೋಸ್ ಏರಿಸಿ ಅಂದರೆ "ಅದಕ್ಕೆ ಬೇರೆಯವರಿದ್ದಾರೆ" ಅನ್ನುತ್ತಾರೆ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಎಪ್ಪತ್ತೊಂದು. ಶುಗರ್ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಶಿರಸಿ ಕಡೆ ತೋಟದ ಮನೆ, ಮಳೆಗಾಲದಲ್ಲಿ ಮಾತ್ರ ಕಾರವಾರಕ್ಕೆ ನಮ್ಮ ಹತ್ತಿರ ಬಂದಿರುತ್ತಾಳೆ. ಆ ಸಲ ಊರಿಂದ ಬಂದ ದಿನ ಸಂಜೆ ನನ್ನ ಮಗಳು "ಅಜ್ಜಿ ನಡೆದಲ್ಲೆಲ್ಲ ಕುಂಕುಮ ಬಿದ್ದಿದೆ" ಅಂದಳು. ನೋಡಿದರೆ ರಕ್ತ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಗಾಯ. ಚಪ್ಪಲಿ ತಂದು ಕೊಡವಿದೆ, ಒಳಗಿಂದ ಅಡಿಕೆ ಸಿಪ್ಪೆಯ ಒಂದು ಚೂರು ಬಿತ್ತು, ಒಣಗಿ ಚೂಪಾಗಿತ್ತು. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಅದರ ಮೇಲೇ ನಡೆದಿದ್ದಾಳೆ, ಬಸ್ ಹತ್ತಿ ಇಳಿದಿದ್ದಾಳೆ, ನೋವೇ ಗೊತ್ತಾಗಿಲ್ಲ. ನಮಗೆ ಹೆದರಿಕೆಯಾದದ್ದು ಗಾಯಕ್ಕಲ್ಲ, ಆ ಗೊತ್ತಾಗದೇ ಇದ್ದದ್ದಕ್ಕೆ.

ಡಾಕ್ಟರು ಸತ್ತ ಚರ್ಮ ತೆಗೆದು ಕ್ಲೀನ್ ಮಾಡಿ, ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಆ ಕಾಲಿನ ಮೇಲೆ ಭಾರ ಹಾಕಲೇಬಾರದು ಅಂದರು. ಭಾರ ಹಾಕಬಾರದ ಹೆಂಗಸನ್ನು ಮೆಟ್ಟಿಲು ಇಳಿಸಿ, ರಿಕ್ಷಾ ಹತ್ತಿಸಿ, ಮಳೆಯಲ್ಲಿ ದಿನ ಬಿಟ್ಟು ದಿನ ಕರೆದುಕೊಂಡು ಹೋಗುವುದು ಹೇಗೆ? ನಮ್ಮ ಜಿಲ್ಲೆಯವರಿಗೆ ಈ ತಾಪತ್ರಯ ಹೊಸದೇನಲ್ಲ. ಕಾಯಿಲೆ ಸ್ವಲ್ಪ ದೊಡ್ಡದಾದರೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲ ಅಂದರೆ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮೊದಲು ಒಂದು ಏಜೆನ್ಸಿಗೆ ಫೋನ್ ಮಾಡಿದೆವು. ಹೆಸರು ಬೇಡ. ಒಬ್ಬ ಹುಡುಗ ಬಂದ, ಸೋಫಾದಲ್ಲಿ ಕುಳಿತ, ಆಯಿಯ ಕಾಲನ್ನು ಟೀಪಾಯ್ ಮೇಲೆ ಇಡಿಸಿದ, ಹೈಡ್ರೋಜನ್ ಪೆರಾಕ್ಸೈಡ್ ಸುರಿದ. "ನೊರೆ ಬಂದ್ರೆ ಕ್ರಿಮಿ ಸಾಯ್ತದೆ" ಅಂದ. ಬಂದಾಗಲೆಲ್ಲ ಅದೇ ನೊರೆ. ಐನೂರು ರೂಪಾಯಿ. ಮೂರನೇ ಸಲ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಆ ನೊರೆ ಕ್ರಿಮಿಯನ್ನಷ್ಟೇ ಅಲ್ಲ, ಹೊಸದಾಗಿ ಕೂಡುತ್ತಿರುವ ಮಾಂಸವನ್ನೂ ಸುಡುತ್ತದೆ ಅಂತ.

ಸಿಸ್ಟರ್ ಬಗ್ಗೆ ಹೇಳಿದವರು ಡಾಕ್ಟರ ಕಂಪೌಂಡರ್. "ಬರ್ತಾರೆ, ಆದ್ರೆ ಟೈಮ್ ಮಾತ್ರ ಕೇಳಬೇಡಿ" ಅಂದಿದ್ದರು. ಒಂದು ಗುರುವಾರ ಹನ್ನೊಂದೂವರೆಗೆ ಬಂದರು. ಬಸ್ಸಿಂದ ಇಳಿದು ನಡೆದೇ ಬಂದಿದ್ದರು, ಸೀರೆಯ ಅಂಚು ಒದ್ದೆ, ಕೈಯಲ್ಲಿ ಮೀನು ಮಾರ್ಕೆಟಿಗೆ ಒಯ್ಯುವಂಥ ಪ್ಲಾಸ್ಟಿಕ್ ಬುಟ್ಟಿ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಮೇಲೆ ಆಚೆ ಈಚೆ ಓಡಾಡುವ ಗಾಡಿಯೆಲ್ಲ ಒಂದೇ ಸೇತುವೆ ಮೇಲೆ ಅಲ್ವಾ, ತಡ ಆಗುವುದಕ್ಕೆ ಅದೂ ಒಂದು ಕಾರಣ.

ಹೆಂಡತಿ ಕುರ್ಚಿ ಎಳೆದಳು. ಅವರು ಕೂರಲಿಲ್ಲ. "ಕುರ್ಚಿ ಆಯಿಗೆ" ಅಂದರು. ಆಯಿಯನ್ನು ಕೂರಿಸಿ ತಾವು ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತು, ಮಡಿಲಲ್ಲಿ ಒಂದು ಬಿಳಿ ಟವೆಲ್ ಹರಡಿ, ಎರಡೂ ಕೈ ಚಾಚಿ ಕಾಲು ಕೊಡಿ ಅಂದರು. ಆಯಿ ಕಾಲು ಒಳಗೆಳೆದುಕೊಂಡಳು.

"ಬ್ಯಾಡ ತಂಗಿ, ಕಾಲು ಮುಟ್ಟಡ. ಪಾಪ ಬತ್ತು."

ಮಡಿ ಮೈಲಿಗೆಯ ಮಾತು ಅಂದುಕೊಂಡು ನನಗೆ ಮುಜುಗರ ಆಯಿತು. ಆದರೆ ಅದಲ್ಲ. ಅಷ್ಟು ವಯಸ್ಸಿನ ಹೆಂಗಸು ತನ್ನ ಕಾಲ ಬುಡದಲ್ಲಿ ಕೂತು ಕೀವು ತೊಳೆಯುವುದು ಅವಳಿಗೆ ಸಹಿಸಲಾಗಲಿಲ್ಲ. ಸಿಸ್ಟರ್ ಕೈ ಹಿಂದೆ ತೆಗೆಯಲಿಲ್ಲ. "ಪೇತ್ರನೂ ಹೀಗೇ ಕಾಲು ಎಳ್ಕೊಂಡಿದ್ದ ಆಯಿ" ಅಂದರು.

"ಯಾವ ಪೇತ್ರ? ನಿಮ್ಮ ಕೇರಿಯವನೋ?"

ಸಿಸ್ಟರ್ ನಕ್ಕುಬಿಟ್ಟರು. ಆಯಿಯೂ ನಕ್ಕಳು. ಆ ನಗುವಿನ ನಡುವೆ ಕಾಲು ಟವೆಲ್ ಮೇಲೆ ಬಂದಾಗಿತ್ತು.

ಅವರು ಮಾಡುವ ಕೆಲಸ ನೋಡಬೇಕು. ಮೊದಲು ಎರಡೂ ಕಾಲು ನೋಡುತ್ತಾರೆ, ಗಾಯ ಇಲ್ಲದ ಕಾಲನ್ನೂ. ಬೆರಳಿನ ಸಂದು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಅಂಗಾಲಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ಆಯಿಗೇ ತೋರಿಸುತ್ತಾರೆ, "ನೋಡಿ, ದಿನಾ ನೀವೇ ನೋಡ್ಕೋಬೇಕು" ಅಂತ. ಹಳೇ ಪಟ್ಟಿ ಅಂಟಿಕೊಂಡಿದ್ದರೆ ಕೀಳುವುದಿಲ್ಲ, ಸಲೈನ್ ಹನಿಸಿ ಹನಿಸಿ ಅದಾಗಿಯೇ ಬಿಡುವ ತನಕ ಕಾಯುತ್ತಾರೆ. ಗಾಯ ತೊಳೆಯುವುದೂ ಬರೀ ಸಲೈನಿನಲ್ಲಿ. ಉಳಿದ ಕಾಲು ತೊಳೆಯಲು ಉಗುರುಬೆಚ್ಚಗಿನ ನೀರು, ಅದರ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತಾರೆ. ಆಯಿಯ ಕಾಲನ್ನು ಕೇಳಿ ಪ್ರಯೋಜನವಿಲ್ಲವಲ್ಲ, ಅದಕ್ಕೆ ಬಿಸಿಯೂ ಗೊತ್ತಿಲ್ಲ, ತಣ್ಣಗೂ ಗೊತ್ತಿಲ್ಲ. ಒರೆಸುವುದಲ್ಲ, ಮಗುವಿನ ತಲೆಗೆ ಒತ್ತಿದ ಹಾಗೆ ಟವೆಲ್ ಒತ್ತಿ ಒತ್ತಿ ನೀರು ತೆಗೆಯುತ್ತಾರೆ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಬೆರಳ ಸಂದಿಗೆ ಮಾತ್ರ ಏನೂ ಹಚ್ಚಬಾರದು. ಉಗುರನ್ನು ಮೂಲೆಯಲ್ಲಿ ಒಳಗೆ ಕೊರೆಯದೆ ನೇರ ಕತ್ತರಿಸಬೇಕು. ಎಲ್ಲ ಸೇರಿ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ಫೋನ್ ರಿಂಗಾದರೆ ಬುಟ್ಟಿಯೊಳಗೇ ರಿಂಗಾಗಿ ಸಾಯಬೇಕು, ಎತ್ತುವುದಿಲ್ಲ.

ರೇಟು ನೂರೈವತ್ತು. ಗಾಜ್, ಸಲೈನ್ ನಾವೇ ಮೆಡಿಕಲ್‌ನಿಂದ ತರಬೇಕು. ಕೊಡಲು ಆಗದವರ ಹತ್ತಿರ ತೆಗೆದುಕೊಳ್ಳುವುದಿಲ್ಲ ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು.

ಪೇತ್ರನ ಕತೆ ಮುಂದಿನ ಸಲ ಬಂತು. ನಮ್ಮ ಆಯಿಗೆ ಕತೆ ಅಂದರೆ ಪ್ರಾಣ, ತಾಳಮದ್ದಳೆ ಕೇಳಿ ಬೆಳೆದವಳು, ನಡುವೆ ಪ್ರಶ್ನೆ ಹಾಕದೆ ಕೇಳಿ ಗೊತ್ತಿಲ್ಲ. ಹಾಗಾಗಿ ಹದಿನಾಲ್ಕು ವಾರ ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಧಾರಾವಾಹಿ. ಯೇಸು ಕೊನೆಯ ಊಟದ ರಾತ್ರಿ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಕಾಲು ತೊಳೆದ. ಆ ಕಾಲದಲ್ಲಿ ಅದು ಮನೆಯ ಆಳಿನ ಕೆಲಸ. ಪೇತ್ರ ಎಂದಿಗೂ ಬೇಡ ಅಂದ. ತೊಳೆಯದಿದ್ದರೆ ನಿನಗೂ ನನಗೂ ಸಂಬಂಧ ಇಲ್ಲ ಅಂತ ಯೇಸು ಹೇಳಿದ್ದಕ್ಕೆ, ಹಾಗಾದರೆ ಕೈ ತಲೆ ಎಲ್ಲ ತೊಳಿ ಅಂದನಂತೆ. ಆಯಿ ಅದಕ್ಕೆ ಬಿದ್ದು ಬಿದ್ದು ನಕ್ಕಳು.

ಆದರೆ ಆಕ್ಷೇಪ ಬಿಡಲಿಲ್ಲ. ನಮ್ಮಲ್ಲಿ ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯುತ್ತಾನೆ, ಸ್ವಾಮಿಗಳು ಬಂದರೆ ಪಾದಪೂಜೆ. ಕಾಲು ತೊಳೆಯುವುದು ಯಾವಾಗಲೂ ದೊಡ್ಡವರದ್ದು. ಗುರುವೇ ಶಿಷ್ಯರ ಕಾಲು ತೊಳೆದರೆ ಅದು ತಲೆಕೆಳಗಾಗಲಿಲ್ಲವಾ? "ತಲೆಕೆಳಗೇ ಆಯಿ, ಪೇತ್ರ ಹೆದರಿದ್ದೂ ಅದಕ್ಕೇ" ಅಂದರು ಸಿಸ್ಟರ್, ಪಟ್ಟಿ ಸುತ್ತುತ್ತಾ. ಆಮೇಲೆ ಒಂದು ಮಾತು ಸೇರಿಸಿದರು, ಅದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ: ಆ ಹನ್ನೆರಡು ಜನರಲ್ಲಿ ಯೂದನೂ ಇದ್ದ, ಅವನ ಕಾಲೂ ತೊಳೆದಿದ್ದ. ಅವತ್ತೇ ರಾತ್ರಿ ಯೇಸುವನ್ನು ಹಿಡಿದುಕೊಡಲು ಹೊರಟವನ ಕಾಲು.

ಈಗ ನನ್ನ ಮಾನ ಹೋದ ಪ್ರಸಂಗ. ಮೂರನೇ ವಾರಕ್ಕೆ ನನಗೆ ಅವರ ಟೈಮಿನ ಕಿರಿಕಿರಿ ಶುರುವಾಯಿತು. ಒಂದು ದಿನ ಹತ್ತಕ್ಕೆ, ಇನ್ನೊಂದು ದಿನ ಎರಡಕ್ಕೆ. ನನಗೆ ಆಫೀಸು. "ಸಿಸ್ಟರ್, ಮುನ್ನೂರು ಕೊಡ್ತೇನೆ, ಬರೋ ದಿನ ಎಂಟೂವರೆಗೇ, ಎಲ್ಲರಿಗಿಂತ ಮೊದಲು ನಮ್ಮನೆಗೆ ಬನ್ನಿ" ಅಂದೆ. ತಪ್ಪೇನು ಅಂತ ಆಗ ಅನ್ನಿಸಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ, ದುಡ್ಡು ಕೊಟ್ಟು ಟೈಮ್ ಕೇಳುವುದು ಎಲ್ಲ ಕಡೆ ನಡೆಯುತ್ತದೆ. ಅವರು ಗ್ಲೌಸ್ ತೆಗೆಯುತ್ತಾ ಹೇಳಿದರು, "ನೀವೂ ಟವೆಲ್ ಹಾಕಿದ್ರಾ?"

ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವುದು ನಮಗೆಲ್ಲ ಗೊತ್ತು. ಮುಖ್ಯಮಂತ್ರಿ ಕುರ್ಚಿಗೂ ಟವೆಲ್ ಹಾಕುವ ರಾಜ್ಯ ನಮ್ಮದು. ಹಾಗೆ ಟವೆಲ್ ಹಾಕಿದ ಇಬ್ಬರ ಕತೆ ಅವತ್ತಿನದು. ಯಾಕೋಬ, ಯೋಹಾನ ಅಂತ ಅಣ್ಣತಮ್ಮ, ಜೆಬೆದಾಯನ ಮಕ್ಕಳು, ದೋಣಿ ಬಲೆ ಬಿಟ್ಟು ಯೇಸುವಿನ ಹಿಂದೆ ಬಂದವರು. ನೀನು ಮಹಿಮೆಗೆ ಬಂದಾಗ ನಮ್ಮಲ್ಲಿ ಒಬ್ಬ ಬಲಗಡೆ, ಒಬ್ಬ ಎಡಗಡೆ ಕೂರಬೇಕು ಅಂತ ಮುಂಚಿತವಾಗಿ ಬುಕಿಂಗ್. ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತಾರೆ; ಮಾರ್ಕನ ಸುವಾರ್ತೆಯಲ್ಲಿ ಅವರೇ ಕೇಳುತ್ತಾರೆ, ಮತ್ತಾಯನದ್ದರಲ್ಲಿ ಅವರ ತಾಯಿ ಕೇಳುತ್ತಾಳೆ. ("ತಾಯಿ ಕೇಳದೆ ಇರ್ತದಾ" ಅಂದಳು ಆಯಿ, ನನ್ನ ಮುಖ ನೋಡಿಕೊಂಡು.) ಉಳಿದ ಹತ್ತು ಜನಕ್ಕೆ ಸಿಟ್ಟು ಬಂತು. ಸಿಟ್ಟು ಯಾಕೆ ಅಂದರೆ ನನಗನ್ನಿಸುವುದು, ತಮಗಿಂತ ಮೊದಲು ಇವರು ಟವೆಲ್ ಹಾಕಿಬಿಟ್ಟರಲ್ಲ ಅಂತಲೇ. ಆಗ ಯೇಸು ಎಲ್ಲರನ್ನೂ ಕರೆದು ಹೇಳಿದ್ದು: ಲೋಕದಲ್ಲಿ ದೊಡ್ಡವರು ಅನ್ನಿಸಿಕೊಂಡವರು ದರ್ಬಾರು ಮಾಡುತ್ತಾರೆ, ನಿಮ್ಮಲ್ಲಿ ಹಾಗಲ್ಲ, ದೊಡ್ಡವನಾಗಬೇಕು ಅನ್ನುವವನು ನಿಮ್ಮ ಸೇವಕನಾಗಬೇಕು, ಮೊದಲನೆಯವನಾಗಬೇಕು ಅನ್ನುವವನು ಎಲ್ಲರ ಆಳಾಗಬೇಕು. ನಾನೂ ಸೇವೆ ಮಾಡಿಸಿಕೊಳ್ಳಲು ಬಂದವನಲ್ಲ, ಮಾಡಲು ಬಂದವನು.

"ನಮ್ಮಲ್ಲೂ ಇದ್ದಲ" ಅಂದಳು ಆಯಿ. "ಆಳಾಗಬಲ್ಲವನು ಅರಸನಾಗಬಲ್ಲ."

ಎರಡೂ ಒಂದೇ ಅಂತ ನಾನೂ ತಲೆ ಆಡಿಸಿದೆ. ರಾತ್ರಿ ಮಲಗಿದಾಗ ಯೋಚನೆ ಹತ್ತಿತು, ಒಂದೇ ಅಲ್ಲ. ನಮ್ಮ ಗಾದೆಯಲ್ಲಿ ಆಳುತನ ಒಂದು ಮೆಟ್ಟಿಲು. ಇವತ್ತು ಆಳಾಗಿ ದುಡಿ, ನಾಳೆ ಅರಸನಾಗಿ ಉಣ್ಣು. ಆ ಸುವಾರ್ತೆಯ ಮಾತಿನಲ್ಲಿ ನಾಳೆ ಬರುವ ಅರಸುತನ ಅಂತ ಏನೂ ಕಾಣುವುದಿಲ್ಲ, ಆಳಾಗಿರುವುದೇ ದೊಡ್ಡತನ, ಮೆಟ್ಟಿಲು ಹತ್ತಿದ ಮೇಲೆ ಬುಟ್ಟಿ ಕೆಳಗಿಡುವ ದಿನವೇ ಇಲ್ಲ. ಕನ್ನಡದಲ್ಲಿ ಆಳು ಅಂದರೆ ಕೆಲಸದವನು, ಆಳು ಅಂದರೆ ರಾಜ್ಯ ಆಳು ಕೂಡ. ನಮ್ಮ ಭಾಷೆಗೆ ಇದು ಮೊದಲೇ ಹೊಳೆದಿತ್ತೋ, ಸುಮ್ನೆ ಒಂದೇ ಥರ ಕೇಳಿಸುತ್ತದೋ, ಭಾಷೆ ತಿಳಿದವರು ಹೇಳಬೇಕು.

ಇನ್ನೊಂದು ಸಂಗತಿ ನಾನೇ ಓದಿದ್ದು. ಸೇವಕ ಅನ್ನುವುದಕ್ಕೆ ಅಲ್ಲಿ ಇರುವ ಗ್ರೀಕ್ ಪದ ಡಿಯಾಕೊನೊಸ್. ಊಟಕ್ಕೆ ಬಡಿಸುವವನಿಗೂ ಅದೇ ಪದ. ಲೂಕನ ಪ್ರಕಾರ ಕೊನೆಯ ಊಟದ ಹೊತ್ತಿನಲ್ಲೂ ಯಾರು ದೊಡ್ಡವರು ಅಂತ ಶಿಷ್ಯರು ಜಗಳ ಆಡುತ್ತಿದ್ದರು, ಆಗ ಯೇಸು, ಊಟಕ್ಕೆ ಕೂತವನು ದೊಡ್ಡವನೋ ಬಡಿಸುವವನೋ, ನಾನು ನಿಮ್ಮ ನಡುವೆ ಬಡಿಸುವವನ ಹಾಗಿದ್ದೇನೆ ಅಂದ. ಇದನ್ನು ಹೇಳಿದಾಗ ಆಯಿಗೆ ಕಾಲು ತೊಳೆದ ಕತೆಗಿಂತ ಬೇಗ ಅರ್ಥ ಆಯಿತು. ನಮ್ಮ ಕಡೆ ಪಂಕ್ತಿಯಲ್ಲಿ ಮನೆ ಯಜಮಾನ ಬಗ್ಗಿ ಬಗ್ಗಿ "ಇನ್ನೊಂಚೂರು" ಅಂತ ಉಪಚಾರ ಮಾಡಿ, ಎಲ್ಲರದ್ದೂ ಮುಗಿದ ಮೇಲೇ ಎಲೆ ಹಾಕಿಸಿಕೊಳ್ಳುತ್ತಾನೆ. "ಹಂಗಾರೆ ಅವ ಬಡಿಸವ" ಅಂದಳು. ಅವತ್ತಿಂದ ಯೇಸುವಿಗೆ ನಮ್ಮ ಮನೆಯಲ್ಲಿ ಅದೇ ಹೆಸರು.

ಅಂದ ಹಾಗೆ ನನ್ನ ಎಂಟೂವರೆ ಸಿಗಲಿಲ್ಲ. ಅವರ ಸರದಿ ಗಾಯದ ಪ್ರಕಾರ. ಯಾರದ್ದು ಕೆಟ್ಟದಾಗಿದೆಯೋ ಅವರದ್ದು ಮೊದಲು. ಆಯಿಯ ಗಾಯ ವಾಸಿ ಆಗುತ್ತಾ ಬಂದ ಹಾಗೆ ನಮ್ಮ ಸರದಿ ಇನ್ನೂ ಹಿಂದಕ್ಕೆ ಹೋಯಿತು! ಕೊನೆಯ ತಿಂಗಳು ಸಂಜೆ ಐದಕ್ಕೆ ಬರುತ್ತಿದ್ದರು. ತಡ ಆದಷ್ಟೂ ಒಳ್ಳೆಯ ಸುದ್ದಿ ಅಂತ ನಾವೇ ಲೆಕ್ಕ ಹಾಕಿಕೊಂಡೆವು.

ಸಿಸ್ಟರ್ ಕಲಿತದ್ದು ವೆಲ್ಲೂರಿನ ಸಿಎಂಸಿಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು). 1900ರಲ್ಲಿ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಶುರು ಮಾಡಿದ ಆಸ್ಪತ್ರೆ ಅದು. ಅದರ ಧ್ಯೇಯವಾಕ್ಯವೇ ಸೀಟಿಗೆ ಟವೆಲ್ ಹಾಕಿದ ಅಣ್ಣತಮ್ಮನ ಕತೆಯ ಕೊನೆಯ ಸಾಲು, ಸೇವೆ ಮಾಡಿಸಿಕೊಳ್ಳಲು ಅಲ್ಲ, ಮಾಡಲು. ಅಲ್ಲಿನ ಇನ್ನೊಬ್ಬರ ಕತೆ ಗಾಯ ಒಣಗುವ ಹೊತ್ತಿಗೆ ಬಂತು, ಯಾಕೆ ಅಂದರೆ ಆಗ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಮಾತು ಎದ್ದಿತ್ತು. ಡಾಕ್ಟರ್ ಪಾಲ್ ಬ್ರ್ಯಾಂಡ್, 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿಗಳ ಮನೆಯಲ್ಲಿ ಹುಟ್ಟಿದವರು, 1946ರಲ್ಲಿ ವೆಲ್ಲೂರಿಗೆ ಬಂದರು. ಯಾರೂ ಮುಟ್ಟದ ಕುಷ್ಠರೋಗಿಗಳ ಕೈ ಕಾಲು ಹಿಡಿದು ನೋಡಿ ನೋಡಿ ಅವರಿಗೆ ಗೊತ್ತಾದದ್ದು, ಬೆರಳು ಹೋಗುವುದು ರೋಗ ತಿಂದು ಅಲ್ಲ, ನೋವೇ ಗೊತ್ತಾಗದೆ ಮತ್ತೆ ಮತ್ತೆ ಗಾಯ ಆಗಿ. ಅಡಿಕೆ ಸಿಪ್ಪೆಯ ಕತೆಯೇ ಅಲ್ವಾ? ಹಾಗಾಗಿ ಸರ್ಜನ್ ಆಗಿದ್ದ ಮನುಷ್ಯ ಚಪ್ಪಲಿಯ ಹಿಂದೆ ಬಿದ್ದರು, ಅಂಗಾಲಿನ ಭಾರ ಒಂದೇ ಕಡೆ ಒತ್ತದ ಹಾಗೆ ಮೆತ್ತಗಿನ ರಬ್ಬರ್ ಹುಡುಕಿ ರೋಗಿಗಳ ಕಾಲಿಗೆ ಹೊಂದಿಸುತ್ತಾ ಕೂತರು. ಇವತ್ತು ಶುಗರ್ ಪೇಷಂಟುಗಳಿಗೆ ಬರೆದುಕೊಡುವ ಎಂಸಿಆರ್ ಚಪ್ಪಲಿ ಆ ದಾರಿಯಲ್ಲಿ ಬಂದದ್ದು.

ಚಪ್ಪಲಿ ಬಂತು, ಗಲಾಟೆಯೂ ಬಂತು. ಮನೆಯೊಳಗೂ ಹಾಕಬೇಕು ಅಂದರು ಸಿಸ್ಟರ್. ಅಡುಗೆಮನೆಯಲ್ಲಿ ಚಪ್ಪಲಿಯಾ! ಆಯಿ ಎರಡು ದಿನ ಮಾತೇ ಬಿಟ್ಟಳು. ಸಿಸ್ಟರ್ ವಾದ ಮಾಡಲಿಲ್ಲ. ಮುಂದಿನ ಸಲ ಬಂದಾಗ ಎರಡನೇ ಜೊತೆ ಹೊಸ ಚಪ್ಪಲಿ ತಂದು, ನಮ್ಮ ಬಚ್ಚಲಲ್ಲಿ ತಾವೇ ಸೋಪು ಹಾಕಿ ತೊಳೆದು, ಒರೆಸಿ, ಅಡುಗೆಮನೆ ಹೊಸ್ತಿಲ ಒಳಗೆ ಇಟ್ಟರು. "ಇದು ಹೊರಗೆ ಕಾಲಿಟ್ಟಿಲ್ಲ, ಇಡೋದೂ ಇಲ್ಲ. ಇದು ಚಪ್ಪಲಿ ಅಲ್ಲ, ಪಟ್ಟಿ ಅಂದ್ಕೊಳ್ಳಿ." ಆಯಿ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು. ಹಾಕಿಕೊಂಡದ್ದು ಮರುದಿನ, ನಾವ್ಯಾರೂ ಇಲ್ಲದಾಗ.

ಈಸ್ಟರ್‌ಗೆ ಮುಂಚಿನ ಗುರುವಾರ ಚರ್ಚಿನಲ್ಲಿ ಕಾಲು ತೊಳೆಯುವ ಪೂಜೆ ಇರುತ್ತದೆ, ಕುತೂಹಲಕ್ಕೆ ನಾನೂ ಹೋಗಿದ್ದೆ. ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆದು ಒರೆಸುತ್ತಾರೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ಇದನ್ನು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಮಾಡಿದ್ದರು, ಅಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ನಮ್ಮ ಸಿಸ್ಟರಿಗೆ ಹೇಗನ್ನಿಸುತ್ತದೆ ಅಂತ ಕೇಳಿದೆ. "ಚೆಂದ ಪೂಜೆ. ಆದ್ರೆ ಅಲ್ಲಿಗೆ ಬರೋರು ಮನೇಲಿ ಸೋಪು ಹಾಕಿ ತೊಳೆದೇ ಬಂದಿರ್ತಾರೆ" ಅಂತ ಬಾಯಿಗೆ ಸೆರಗು ಹಿಡಿದು ನಕ್ಕರು.

ಇನ್ನು ಬೈಯುವ ಭಾಗ. ಟೈಮ್ ಇಲ್ಲ, ಹೇಳಿದೆನಲ್ಲ. ಭಾನುವಾರ ಪೂಜೆ ಮುಗಿಯುವ ತನಕ ಏನೇ ಆದರೂ ಬರುವುದಿಲ್ಲ. ಫೋನ್ ಎತ್ತುವುದು ಅಪರೂಪ, ಮೆಸೇಜ್ ನೋಡುವುದು ಇನ್ನೂ ಅಪರೂಪ. ರಸೀದಿ ಕೊಡುವುದಿಲ್ಲ, ಹಾಗಾಗಿ ಆಫೀಸಿನಲ್ಲಿ ಕ್ಲೇಮ್ ಮಾಡುವ ಆಸೆ ಬಿಡಿ. ಬೈಯುತ್ತಾರೆ, ಚೆನ್ನಾಗಿ ಬೈಯುತ್ತಾರೆ. ಶ್ರಾವಣದಲ್ಲಿ ಆಯಿ ಕದ್ದು ಎರಡು ಹೋಳಿಗೆ ತಿಂದದ್ದು ಶುಗರ್ ಚೀಟಿಯಲ್ಲಿ ಕಂಡು ನನಗೂ ಹೆಂಡತಿಗೂ ಸೇರಿ ಮಂಗಳಾರತಿ ಆಯಿತು. ತಗ್ಗಿ ನಡೆಯುವವರು ಮೆತ್ತಗೆ ಮಾತಾಡುತ್ತಾರೆ ಅಂತ ಅಂದುಕೊಂಡಿದ್ದರೆ ಇವರ ಹತ್ತಿರ ಹೋಗಬೇಡಿ. ಮತ್ತೆ, ಅವರಿಗೆ ವಯಸ್ಸಾಗುತ್ತಿದೆ, ನೆಲದಿಂದ ಏಳುವಾಗ ಕುರ್ಚಿ ಹಿಡಿದುಕೊಳ್ಳುತ್ತಾರೆ. ಅವರ ಜೊತೆ ಕಲಿಯಲು ಯಾರೂ ಬರುತ್ತಿಲ್ಲ, ಈ ಸೇವೆಯ ದೊಡ್ಡ ಕೊರತೆ ಅದು.

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿತ ನನ್ನ ಎಂಟೂವರೆಯದ್ದು.

ಹುಡುಕುವುದು ಹೀಗೆ. ಕಾರವಾರದಲ್ಲಿ ಶುಗರ್ ನೋಡುವ ಡಾಕ್ಟರ ಕಂಪೌಂಡರಿಗೋ, ಪಟ್ಟಿ ಕಟ್ಟುವ ರೂಮಿನ ನರ್ಸಿಗೋ "ಬುಟ್ಟಿ ಸಿಸ್ಟರ್" ಅಂತ ಕೇಳಿ. ಡಾಕ್ಟರ ಚೀಟಿ ಇಲ್ಲದೆ ಅವರು ಗಾಯ ಮುಟ್ಟುವುದಿಲ್ಲ, ಅದು ಮೊದಲು ಇಟ್ಟುಕೊಳ್ಳಿ. ಕಾಲು ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ, ಜ್ವರ ಇದ್ದರೆ ಇವರಿಗಾಗಿ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬಂದ ದಿನ ರೋಗಿಯ ಹಳೇ ಚಪ್ಪಲಿಯನ್ನು ಹೊರಗೆ ಎಸೆಯದೆ ಇಟ್ಟಿರಿ, ಗಾಯ ನೋಡುವ ಮೊದಲು ಅವರು ಅದರೊಳಗೆ ಕೈ ಹಾಕಿ ನೋಡುತ್ತಾರೆ.